ಸಾಕು ಇಲಿಗಳ ಮೇವು: ಪೋಲಾಗುವುದೇಕೆ, ತಡೆಯುವುದು ಹೇಗೆ

ಇಲಿಯು ಮನುಷ್ಯನ ಧಾನ್ಯವನ್ನು ಹಾಳುಮಾಡುವ ಪ್ರಾಣಿ ಎಂಬುದು ಸರ್ವವಿದಿತ ಸಂಗತಿ. ಆದರೆ ಮನುಷ್ಯನೇ ಪಂಜರ ಕಟ್ಟಿ, ಮೇವಿಕ್ಕಿ, ಮರಿ ಮಾಡಿಸಿ ಬೆಳೆಸುವ ಇಲಿಗಳೂ ಉಂಟೆಂಬುದನ್ನು ಅನೇಕರು ಅರಿಯರು. ಮೃಗಾಲಯಗಳಲ್ಲಿರುವ ಹಾವು, ಗೂಬೆ, ಹದ್ದುಗಳಿಗೆ ಆಹಾರವಾಗಿ, ಗಾಯಗೊಂಡ ವನ್ಯಜೀವಿಗಳನ್ನು ಆರೈಕೆ ಮಾಡುವ ರಕ್ಷಣಾ ಕೇಂದ್ರಗಳ ಅಗತ್ಯಕ್ಕಾಗಿ ಬಿಳಿ ಇಲಿಗಳನ್ನೂ ಚಿಟ್ಟಿಲಿಗಳನ್ನೂ ಸಾಕಲಾಗುತ್ತದೆ. ಊರಿನಲ್ಲಿ ಇಲಿಗಳಿಗೇನು ಬರವೇ, ಹಿಡಿದು ಹಾಕಿದರಾಗದೇ ಎಂಬ ಪ್ರಶ್ನೆ ಸಹಜ. ಬೀದಿಯ ಇಲಿಯು ಯಾವ ಮನೆಯಲ್ಲಿ ಯಾವ ವಿಷವನ್ನು ತಿಂದು ಬಂದಿದೆಯೋ ತಿಳಿಯದು. ಬ್ರೋಮಾಡಿಯೋಲೋನ್‌ನಂತಹ ಇಲಿಪಾಷಾಣವನ್ನು ತಿಂದ ಇಲಿಯು ಕೂಡಲೇ ಸಾಯುವುದಿಲ್ಲ. ಅದು ಬದುಕಿರುವ ಕೆಲವು ದಿನಗಳಲ್ಲಿ ಅದನ್ನು ನುಂಗಿದ ಗೂಬೆಯ ದೇಹಕ್ಕೂ ವಿಷ ಸೇರುತ್ತದೆ. ರೋಗಗಳ ಮಾತು ಬೇರೆ. ಆದುದರಿಂದಲೇ ಆಹಾರಕ್ಕಾಗಿ ಇಲಿಗಳನ್ನು ಪ್ರತ್ಯೇಕವಾಗಿ ಸಾಕಬೇಕಾಗಿ ಬಂದಿದೆ.

ಹೀಗೆ ಸಾಕುವವರೆಲ್ಲರ ಸಾಮಾನ್ಯ ದೂರು ಒಂದೇ: ಇಲಿಗಳು ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಸಂಜೆ ಹಾಕಿದ ಗುಳಿಗೆ ಮೇವು ಬೆಳಗಾಗುವಷ್ಟರಲ್ಲಿ ಪುಡಿಯಾಗಿ ಪಂಜರದ ತಳದಲ್ಲಿ ಮೂತ್ರದೊಡನೆ ಬೆರೆತು ಬಿದ್ದಿರುತ್ತದೆ. ಈ ದೂರಿನ ಹಿಂದಿರುವ ಕಾರಣಗಳನ್ನೂ, ಅವುಗಳಿಗೆ ಇರುವ ಉಪಾಯಗಳನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

ವಿಶಾಖಪಟ್ಟಣದಲ್ಲಿ ಕಂಡದ್ದು

ಇಲಾಖೆಯ ಕೆಲಸದ ಮೇಲೆ ಈ ಲೇಖಕನು ವಿಶಾಖಪಟ್ಟಣಕ್ಕೆ ಹೋಗಿದ್ದಾಗ, ಎಂವಿಪಿ ಕಾಲೋನಿ ಎಂದೇ ಎಲ್ಲರ ಬಾಯಲ್ಲಿರುವ ಮುವ್ವಲವಾನಿಪಾಲೆಂ ಬಡಾವಣೆಯಲ್ಲಿ ಬಳ್ಳಾರಿ ಕಡೆಯ ಹಿರಿಯರೊಬ್ಬರ ಮನೆಯನ್ನು ಹುಡುಕಿಕೊಂಡು ಹೋಗುವ ಸಂದರ್ಭ ಒದಗಿತು. ಅವರು ಒಂದು ಪ್ರಯೋಗಾಲಯದ ಪ್ರಾಣಿಗೃಹದಲ್ಲಿ ಪರಿಚಾರಕರಾಗಿ ದೀರ್ಘಕಾಲ ದುಡಿದು ನಿವೃತ್ತರಾದವರು. ಭೇಟಿಯ ಉದ್ದೇಶ ಅತ್ಯಲ್ಪವಾದುದು. ಪಂಜರದ ಮುಚ್ಚಳಕ್ಕೆ ಜೋಡಿಸಿರುವ, ಮೇವು ತುಂಬುವ ತಂತಿಯ ಸಾಧನಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂಬುದು ಭಾಷಾಂತರದ ಮೇಜಿನ ಮೇಲೆ ಹಲವು ದಿನಗಳಿಂದ ಬಗೆಹರಿಯದೆ ಉಳಿದಿತ್ತು. ಹಿರಿಯರು ಒಂದು ಕ್ಷಣವೂ ಯೋಚಿಸದೆ, "ಮೇವಿನ ಗೂಡೆ ಅನ್ರಿ ಸಾರ್, ಅದಕ್ಕೆ ಇನ್ನೇನಂತಾರ" ಎಂದರು. ಆ ಪದವನ್ನೇ ಇಲ್ಲಿ ಬಳಸಲಾಗಿದೆ.

ಪದಕ್ಕಾಗಿ ಹೋದವನಿಗೆ ಪಾಠವೇ ದೊರೆಯಿತು. ಮನೆಯ ಹಿಂಭಾಗದ ನೆರಳಿನಲ್ಲಿ ಅವರ ಮೊಮ್ಮಗನು ಸಾಕಿದ್ದ ನಾಲ್ಕು ಬಿಳಿ ಇಲಿಗಳ ಪಂಜರವಿತ್ತು. ಹುಡುಗನು, "ತಾತ, ಇವು ಬರೇ ಪುಡಿ ಮಾಡ್ತಾವ, ತಿನ್ನಂಗಿಲ್ಲ" ಎಂದು ಮುಖ ಸಿಂಡರಿಸಿಕೊಂಡು ಹೇಳಿದುದಕ್ಕೆ, ಹಿರಿಯರು ಇಲಿಗಳನ್ನು ನೋಡದೆ ಮೊದಲು ನೀರಿನ ಬಾಟಲಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಕೊಳವೆಯ ತುದಿಯ ಗುಂಡು ಸಿಕ್ಕಿಕೊಂಡಿತ್ತು. ನೀರಿಲ್ಲದ ಇಲಿಯು ಒಣ ಮೇವನ್ನು ನುಂಗಲಾರದು. ಕಚ್ಚಿ ಕಚ್ಚಿ ಬಿಡುತ್ತದೆ. ಮೇವು ಪೋಲಾಗುತ್ತಿದೆಯೆಂದು ಕಂಡಾಗ ಮೊಟ್ಟಮೊದಲು ಪರೀಕ್ಷಿಸಬೇಕಾದುದು ಮೇವನ್ನಲ್ಲ, ನೀರನ್ನು ಎಂಬ ಈ ಅಂಶವನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

ಕಡಿಯುವುದು ಚಟವಲ್ಲ

ದಂಶಕ ಜಾತಿಯ ಪ್ರಾಣಿಗಳ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಬಿಳಿ ಇಲಿಯಲ್ಲಿ ಈ ಬೆಳವಣಿಗೆ ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರಿನಷ್ಟು. ಮೇಲಿನ ಹಾಗೂ ಕೆಳಗಿನ ಹಲ್ಲುಗಳು ಒಂದಕ್ಕೊಂದು ಉಜ್ಜಿ, ಗಟ್ಟಿಯಾದ ವಸ್ತುಗಳನ್ನು ಕಡಿದು ಸವೆಯದಿದ್ದರೆ ಅವು ಬಾಯಿಯಿಂದ ಹೊರಚಾಚಿ, ಪ್ರಾಣಿಯು ತಿನ್ನಲಾರದ ಸ್ಥಿತಿಗೆ ಬರುತ್ತದೆ. ಆದ್ದರಿಂದ ಕಡಿಯುವುದು ಇಲಿಗೆ ಉಸಿರಾಟದಷ್ಟೇ ಅಗತ್ಯ. ಪಂಜರದಲ್ಲಿ ಮೇವನ್ನುಳಿದು ಕಡಿಯಲು ಬೇರೇನೂ ಇಲ್ಲದಿದ್ದಲ್ಲಿ ಅದು ಮೇವನ್ನೇ ಕಡಿಯುತ್ತದೆ. ಕಡಿದುದನ್ನೆಲ್ಲ ತಿನ್ನಬೇಕೆಂಬ ನಿಯಮವೇನೂ ಅದಕ್ಕಿಲ್ಲ.

ಎರಡನೆಯ ಕಾರಣ ಗೂಡು. ಇಲಿಯೂ ಚಿಟ್ಟಿಲಿಯೂ ಮೆತ್ತನೆಯ ವಸ್ತುವನ್ನು ಚೂರುಚೂರು ಮಾಡಿ ಗೂಡು ಕಟ್ಟುವ ಸ್ವಭಾವದವು. ಬಸಿರಾದ ಹೆಣ್ಣಿನಲ್ಲಂತೂ ಈ ಪ್ರವೃತ್ತಿ ಅತಿ ಪ್ರಬಲ. ಅದಕ್ಕೆ ಕಾಗದವನ್ನೋ ಒಣಹುಲ್ಲನ್ನೋ ಒದಗಿಸದೆ, ಸಿಕ್ಕಿದುದನ್ನು ಹರಿಯಿತೆಂದು ದೂರುವುದು ನ್ಯಾಯವಲ್ಲ. ಮೂರನೆಯದು ಸಂಗ್ರಹಿಸುವ ಬುದ್ಧಿ. ಹಿಡಿಯಷ್ಟು ಮೇವನ್ನು ಒಮ್ಮೆಗೇ ಎಳೆದುಕೊಳ್ಳುವ ಅವಕಾಶವಿದ್ದರೆ ಇಲಿಯು ಅದನ್ನು ಮಲಗುವ ಮೂಲೆಗೆ ಸಾಗಿಸಿ ಹೂತಿಡುತ್ತದೆ. ಅಲ್ಲಿ ಅದು ಹೊಲಸಾಗುತ್ತದೆ.

ಇವಿಷ್ಟೂ ಆರೋಗ್ಯವಂತ ಪ್ರಾಣಿಯ ಲಕ್ಷಣಗಳು. ಆದರೆ ಒಂದೇ ಒಂದು ಇಲಿಯು ಮೇವನ್ನು ತುಟಿಯ ಬಳಿ ಹಿಡಿದು ಜಾರಿಸುತ್ತಿದ್ದರೆ, ಗಲ್ಲದ ಕೂದಲು ಜೊಲ್ಲಿನಿಂದ ಒದ್ದೆಯಾಗಿದ್ದರೆ, ತೂಕ ಇಳಿಯುತ್ತಿದ್ದರೆ, ಅದು ಪೋಲುಮಾಡುತ್ತಿಲ್ಲ, ಹಸಿದಿದೆ. ಹಲ್ಲುಗಳು ಸರಿಯಾಗಿ ಕೂಡದೆ ಓರೆಯಾಗಿ ಬೆಳೆದಿರುವ ಸಂಭವವಿದ್ದು, ಪಶುವೈದ್ಯರಿಗೆ ತೋರಿಸುವುದು ಅವಶ್ಯಕ. ಇಂತಹ ಇಲಿಯಿಂದ ಮರಿ ಮಾಡಿಸಬಾರದು.

ಎಷ್ಟು ತಿನ್ನುತ್ತದೆ, ಎಷ್ಟು ಚೆಲ್ಲುತ್ತದೆ

ಅಳೆಯದೆ ಆಡುವ ದೂರಿಗೆ ಬೆಲೆಯಿಲ್ಲ. ಬೆಳೆದ ಇಲಿಯು ತನ್ನ ದೇಹತೂಕದ ಪ್ರತಿ 100 ಗ್ರಾಮಿಗೆ ದಿನವೊಂದಕ್ಕೆ ಸುಮಾರು 5 ಗ್ರಾಂ ಒಣ ಮೇವನ್ನು ತಿಂದು, 10ರಿಂದ 12 ಮಿಲಿಲೀಟರ್ ನೀರು ಕುಡಿಯುತ್ತದೆ. ಬೆಳೆದ ಚಿಟ್ಟಿಲಿಗೆ ದಿನಕ್ಕೆ 3ರಿಂದ 5 ಗ್ರಾಂ ಮೇವು ಸಾಕು. ಮೊಲೆಯೂಡಿಸುವ ತಾಯಿಯ ಅಗತ್ಯ ಇದರ ಎರಡು ಮೂರು ಪಟ್ಟು. ತಿನ್ನುವ ಕಾರ್ಯವು ಬಹುಮಟ್ಟಿಗೆ ರಾತ್ರಿಯಲ್ಲಿ ನಡೆಯುವುದರಿಂದ, ಹಗಲಿನಲ್ಲಿ ತುಂಬಿಟ್ಟ ಮೇವನ್ನು ಇಲಿಯು ಮೂಸಿ ಸುಮ್ಮನಾಯಿತೆಂದು ಗಾಬರಿಪಡಬೇಕಾಗಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಲಾ 250 ಗ್ರಾಂ ತೂಗುವ ಆರು ಇಲಿಗಳ ಪಂಜರವಿದೆ. ಸಂಜೆ ಗೂಡೆಗೆ 300 ಗ್ರಾಂ ಮೇವನ್ನು ತೂಗಿ ಹಾಕಲಾಯಿತು. ಮರುದಿನ ಸಂಜೆ ಗೂಡೆಯಲ್ಲಿ 180 ಗ್ರಾಂ ಉಳಿದಿತ್ತು. ಅಂದರೆ 120 ಗ್ರಾಂ ಖರ್ಚಾಗಿದೆ. ತಳದಲ್ಲಿ ಬಿದ್ದ ಚೂರು ಮತ್ತು ಪುಡಿಯನ್ನು ಒಣಗಿಸಿ ತೂಗಿದಾಗ 35 ಗ್ರಾಂ ಬಂದಿತು. ಆದ್ದರಿಂದ ನಿಜವಾಗಿ ಹೊಟ್ಟೆಗೆ ಹೋದುದು 85 ಗ್ರಾಂ. ಲೆಕ್ಕದ ಪ್ರಕಾರ ಆರು ಇಲಿಗಳಿಗೆ ಬೇಕಾದುದು 75 ಗ್ರಾಂ ಆಸುಪಾಸು. ಇಲಿಗಳು ಹಸಿದಿಲ್ಲ, ಆದರೆ ಪೋಲು ಅತಿಯಾಗಿದೆ ಎಂದು ಈಗ ಖಚಿತವಾಗಿ ಹೇಳಬಹುದು. ಈ ಪರೀಕ್ಷೆಯ ದಿನಗಳಲ್ಲಿ ಹೊಟ್ಟಿನ ಹಾಸನ್ನು ತೆಗೆದು ಕಾಗದವನ್ನು ಹಾಸಿದರೆ ಪುಡಿಯನ್ನು ಬೇರ್ಪಡಿಸುವುದು ಸುಲಭ. ಒಂದು ದಿನದ ಲೆಕ್ಕವನ್ನು ನಂಬದೆ ಮೂರು ದಿನ ತೂಗಬೇಕು.

ಇಪ್ಪತ್ತು ಇಲಿಗಳು ದಿನವೊಂದಕ್ಕೆ ತಲಾ 5 ಗ್ರಾಂ ಮಾತ್ರ ಚೆಲ್ಲಿದರೂ ವರ್ಷಕ್ಕೆ ಮೂವತ್ತಾರೂವರೆ ಕಿಲೋಗ್ರಾಂ ಆಗುತ್ತದೆಂಬುದನ್ನು ಗಣಿಸಿದರೆ, ಒಂದು ತಕ್ಕಡಿಯ ಬೆಲೆ ಹೆಚ್ಚೆನಿಸದು.

ತೂಗುವ ಈ ಶಿಸ್ತು ನಮ್ಮ ದೇಶಕ್ಕೆ ಹೊಸದಲ್ಲ. ಕೂನೂರಿನಲ್ಲಿ 1918ರಲ್ಲಿ ಆರಂಭವಾದ ಸಣ್ಣ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಭಾರತದ ಬೇರೆ ಬೇರೆ ಪ್ರಾಂತ್ಯಗಳ ಜನರ ಊಟವನ್ನು ಇಲಿಗಳಿಗೆ ಉಣಿಸಿ, ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳನ್ನು ತಿಂದ ಇಲಿಗಳು ಹೇಗೆ ಬೆಳೆದವು, ಬರಿಯ ಅನ್ನವನ್ನೇ ಮುಖ್ಯವಾಗಿ ತಿಂದವು ಹೇಗೆ ಸೊರಗಿದವು ಎಂಬುದನ್ನು ತೋರಿಸಿಕೊಟ್ಟರು. ಆ ಕೇಂದ್ರವೇ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಇಲಿ ತಿಂದದ್ದೆಷ್ಟು, ಚೆಲ್ಲಿದ್ದೆಷ್ಟು ಎಂಬ ಲೆಕ್ಕವಿಲ್ಲದೆ ಇಂತಹ ಪ್ರಯೋಗಗಳಿಗೆ ಅರ್ಥವೇ ಇರದು.

ಗೂಡೆಯ ವಿಚಾರ

ಪೋಲಿನ ಬಹುಪಾಲು ಮೇವನ್ನು ಇಡುವ ರೀತಿಯಿಂದಲೇ ಆಗುತ್ತದೆ. ತೆರೆದ ತಟ್ಟೆಯಲ್ಲಿ ಮೇವಿಟ್ಟರೆ ಇಲಿಯು ಅದರೊಳಗೇ ಕುಳಿತು ತಿನ್ನುತ್ತದೆ, ಅಗೆಯುತ್ತದೆ, ಅಲ್ಲಿಯೇ ಮಲಮೂತ್ರ ವಿಸರ್ಜಿಸುತ್ತದೆ. ಮುಚ್ಚಳದಿಂದ ಒಳಕ್ಕೆ ಇಳಿಬಿದ್ದ ತಂತಿಯ ಗೂಡೆಯಲ್ಲಿ ಮೇವು ಹೊರಗೂ ಇಲಿ ಒಳಗೂ ಇರುವುದರಿಂದ, ಅದು ಹಿಂಗಾಲಿನ ಮೇಲೆ ನಿಂತು ತಂತಿಗಳ ನಡುವಿನಿಂದ ಮೇವನ್ನು ಕೆರೆದು ತಿನ್ನಬೇಕಾಗುತ್ತದೆ. ಸ್ವಲ್ಪ ಶ್ರಮವಾದರೂ ಆ ಶ್ರಮ ಅದಕ್ಕೆ ಹಿತವೇ.

ತಂತಿಗಳ ನಡುವಣ ಅಂತರವು ಇಲ್ಲಿ ಬಹಳ ಮುಖ್ಯ. ಗುಳಿಗೆಯ ದಪ್ಪಕ್ಕಿಂತ ಅಂತರ ಹೆಚ್ಚಾದರೆ ಇಡೀ ಗುಳಿಗೆಯೇ ಒಳಕ್ಕೆ ಜಾರಿ ಹೊಟ್ಟಿನಲ್ಲಿ ಹೂತುಹೋಗುತ್ತದೆ. ತೀರ ಕಡಿಮೆಯಾದರೆ ಹಲ್ಲು ತಾಗದೆ, ತುಂಬಿದ ಗೂಡೆಯ ಕೆಳಗೇ ಇಲಿಯು ಉಪವಾಸ ಬೀಳುತ್ತದೆ. ಗುಳಿಗೆಯು ಜಾರಿ ಬೀಳದೆ, ಹಲ್ಲು ಮಾತ್ರ ಆರಾಮವಾಗಿ ತಾಗುವಂತಿರಬೇಕು. ಪ್ರತಿ ಹೊಸ ಚೀಲದ ಮೇವಿನ ಗಾತ್ರವು ಹಿಂದಿನಂತೆಯೇ ಇರುತ್ತದೆಂದು ಭಾವಿಸಬಾರದು. ನೀರಿನ ಬಾಟಲಿಯಿಂದ ತೊಟ್ಟಿಕ್ಕುವ ನೀರು ಗೂಡೆಯ ಮೇಲೆ ಬೀಳದಂತೆ ಎರಡರ ನಡುವೆ ತಗಡೊಂದನ್ನು ಇಡುವುದು ಒಳ್ಳೆಯದು.

ಬಹುಜನ ಮಾಡುವ ತಪ್ಪೆಂದರೆ ಗೂಡೆಯು ಅರ್ಧ ಖಾಲಿಯಾದೊಡನೆ ಮೇಲಿನಿಂದ ಮತ್ತಷ್ಟು ಸುರಿಯುವುದು. ಹಳೆಯ ಚೂರು, ಪುಡಿಗಳು ತಳದಲ್ಲಿ ಕಚ್ಚಿಕೊಂಡು ತಂತಿಗಳ ಸಂದುಗಳನ್ನು ಮುಚ್ಚುತ್ತವೆ. ನೋಡುವವರಿಗೆ ಗೂಡೆ ತುಂಬಿರುತ್ತದೆ, ಪ್ರಾಣಿಗೆ ಏನೂ ಎಟಕುವುದಿಲ್ಲ. ಒಂದೆರಡು ದಿನಕ್ಕೆ ಸಾಲುವಷ್ಟನ್ನು ಮಾತ್ರ ಹಾಕಿ, ವಾರಕ್ಕೊಮ್ಮೆ ಗೂಡೆಯನ್ನು ಪೂರ್ಣವಾಗಿ ಬರಿದುಮಾಡಿ ತೊಳೆದು ಒಣಗಿಸಬೇಕು.

ಮರಿಗಳ ವಿಷಯದಲ್ಲಿ ಮಾತ್ರ ಈ ಕಟ್ಟುನಿಟ್ಟನ್ನು ಸಡಿಲಿಸಬೇಕು. ಮರಿಗಳು ಮೂರನೆಯ ವಾರದಲ್ಲಿ ಮೇವಿಗೆ ಬಾಯಿ ಹಾಕಲಾರಂಭಿಸಿ, ಸುಮಾರು 21ನೆಯ ದಿನಕ್ಕೆ ಮೊಲೆ ಬಿಡುತ್ತವೆ. ಅವುಗಳಿಗೆ ಗೂಡೆ ಎಟಕದು, ಗಟ್ಟಿ ಗುಳಿಗೆ ಕಡಿಯಲಾಗದು. ಸ್ವಲ್ಪ ಮೇವನ್ನು ನೀರಿನಲ್ಲಿ ನೆನೆಸಿ ತಗ್ಗಾದ ಬಟ್ಟಲಲ್ಲಿಟ್ಟು, ಕೆಲವು ಗಂಟೆಗಳ ನಂತರ ಉಳಿದುದನ್ನು ತೆಗೆದುಬಿಡಬೇಕು. ಇಲ್ಲಿ ಆಗುವ ಪೋಲನ್ನು ಪೋಲೆಂದು ಎಣಿಸಲಾಗದು.

ಮೇವಿನ ಗುಣ, ಮನಸ್ಸಿನ ಬೇಸರ

ಗುಳಿಗೆಯು ಮೆದುವಾಗಿದ್ದಷ್ಟೂ ಹೆಚ್ಚು ಉದುರುತ್ತದೆ. ಬೆರಳಿನಿಂದ ಒತ್ತಿದರೆ ಪುಡಿಯಾಗುವ ಗುಳಿಗೆಯನ್ನು ಕೊಳ್ಳಬಾರದು. ಕೋಳಿಯ ಮೇವನ್ನೋ, ಗೋಧಿ ಬೂಸಾ ಮತ್ತು ಕಡಲೆಕಾಯಿ ಹಿಂಡಿಯ ಮಿಶ್ರಣವನ್ನೋ ಪುಡಿಯ ರೂಪದಲ್ಲಿಯೇ ಹಾಕುವ ಪದ್ಧತಿ ಹಲವೆಡೆ ಇದೆ. ಅಗ್ಗವೆಂದು ಕಂಡರೂ ಚೆಲ್ಲುವ ಭಾಗವನ್ನು ಕಳೆದರೆ ಅದು ಅಗ್ಗವಲ್ಲ. ಕಾಳುಗಳನ್ನು ಬೆರೆಸಿ ಹಾಕಿದರೆ ಇಲಿಯು ತನಗೆ ರುಚಿಸಿದುದನ್ನು ಆಯ್ದು ಉಳಿದುದನ್ನು ಕೆದರುತ್ತದೆ. ಕೊಬ್ಬಿರುವ ಕಾಳು ಹೊಟ್ಟೆ ಸೇರಿ, ಸತ್ವವಿರುವ ಭಾಗ ಕಸ ಸೇರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಕೆಲವು ಪಂಜರಗಳಲ್ಲಿ ಪುಡಿ ನಿಲ್ಲುವುದಿಲ್ಲ. ಒಂದೇ ತಳಿ, ಒಂದೇ ಮೇವು, ಒಂದೇ ಕೋಣೆ. ಆದರೂ ಒಂದು ಪಂಜರ ಶುಚಿ, ಪಕ್ಕದ್ದರಲ್ಲಿ ರಾಶಿ ಪುಡಿ. ಚಿಟ್ಟಿಲಿಗಳ ಈ ವರ್ತನೆಯನ್ನು ಕುರಿತು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೂರ್ಯಕಾಂತಿ ಬೀಜಗಳನ್ನು ಕೊಟ್ಟಾಗ ಮೇವನ್ನು ಅರೆದು ಚೆಲ್ಲುವುದು ಕಡಿಮೆಯಾಯಿತೆಂದು ಕಂಡುಬಂದಿದೆ. ಬೀಜದ ಸತ್ವವೋ, ಸಿಪ್ಪೆ ಬಿಡಿಸುವ ಕೆಲಸವೋ, ಎರಡೂ ಕೂಡಿಯೋ ಇರಬಹುದು. ಹಾಸಿನಲ್ಲಿ ದಿನಕ್ಕೆ ಕೆಲವೇ ಬೀಜಗಳನ್ನು ಎರಚಿದರೆ ಹುಡುಕುವ ಕೆಲಸವೂ ದೊರೆಯುತ್ತದೆ. ಹೆಚ್ಚಾದರೆ ಕೊಬ್ಬು ಬೆಳೆಯುತ್ತದೆ. ಇದರೊಂದಿಗೆ ವಿಷಲೇಪವಿಲ್ಲದ ಮರದ ತುಂಡು, ತೆಂಗಿನ ಚಿಪ್ಪು, ಬಣ್ಣವಿಲ್ಲದ ಕಾಗದ, ಅಡಗಿ ಕೂಡಲು ಒಂದು ಮರೆ ಇವಿಷ್ಟನ್ನು ಒದಗಿಸುವುದು ಕಷ್ಟದ ಮಾತಲ್ಲ. ಎಂವಿಪಿ ಕಾಲೋನಿಯ ಪಂಜರದಲ್ಲಿ ಒಡೆದ ತೆಂಗಿನ ಚಿಪ್ಪೊಂದು ಅಂಚೆಲ್ಲ ನಯವಾಗಿ ಸವೆದು ಬಿದ್ದಿತ್ತು. ಅಷ್ಟು ಹಲ್ಲಿನ ಕೆಲಸವು ಮೇವಿನ ಮೇಲೆ ಬೀಳದೆ ಉಳಿಯಿತೆಂದೇ ತಿಳಿಯಬೇಕು.

ಮೇವು ಕಡಿತಗೊಳಿಸುವುದು ಪರಿಹಾರವಲ್ಲ

ಹಿರಿಯರು ಈ ವಿಷಯಕ್ಕೆ ಬಂದಾಗ ಧ್ವನಿ ತಗ್ಗಿಸಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಂಜರಗಳ ತಳದ ಪುಡಿಯನ್ನು ಕಂಡ ಮೇಲಧಿಕಾರಿಯೊಬ್ಬರು ಎಲ್ಲ ಪಂಜರಗಳ ಮೇವನ್ನು ಅರ್ಧಕ್ಕೆ ಇಳಿಸುವಂತೆ ಆಜ್ಞಾಪಿಸಿದರಂತೆ. ಸಂಸ್ಥೆಯ ಹೆಸರು ಇಲ್ಲಿ ಅನಗತ್ಯ. ಆಗ ಮೊಲೆಯೂಡುತ್ತಿದ್ದ ತಾಯಿಗಳು ಹಲವಿದ್ದವು. ಎರಡು ವಾರ ಕಳೆಯುವುದರೊಳಗೆ ಅವುಗಳಲ್ಲಿ ಕೆಲವು ತಮ್ಮ ಮರಿಗಳನ್ನೇ ತಿಂದವು, ಉಳಿದ ಮರಿಗಳು ಬಡಕಲಾದವು. ಕೊನೆಗೆ ಚೀಲವನ್ನು ಬಿಚ್ಚಿ ನೋಡಿದಾಗ ಗುಳಿಗೆಗಳು ತೇವ ತಾಗಿ ಚೀಲದೊಳಗೇ ಪುಡಿಯಾಗಿದ್ದುದು ತಿಳಿಯಿತು. "ತಪ್ಪು ಚೀಲದ್ದು ಸಾರ್, ಶಿಕ್ಷೆ ತಾಯಿಗೆ" ಎಂದು ಹೇಳಿ ಅವರು ಸುಮ್ಮನಾದರು.

ಹಸಿದ ಇಲಿಗಳು ಪರಸ್ಪರ ಕಚ್ಚಾಡುತ್ತವೆ. ಬಲಿಷ್ಠವಾದುದು ಗೂಡೆಯನ್ನು ಕಾದು ಕುಳಿತು ಉಳಿದವುಗಳನ್ನು ಸೇರಿಸದು. ಇಲಿಯನ್ನು ಮೂಳೆ, ಕರುಳು ಸಹಿತ ಇಡಿಯಾಗಿ ನುಂಗುವ ಹಾವಿಗೂ ಗೂಬೆಗೂ ಬಡಕಲು ಇಲಿಯಿಂದ ಬಡಕಲು ಆಹಾರವೇ ದೊರೆಯುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದು ಸಲ್ಲದು. ಪ್ರಾಣಿಗಳಿಗೆ ಕ್ರೌರ್ಯ ತಡೆಗಟ್ಟುವ ಅಧಿನಿಯಮ, 1960ರ 11ನೆಯ ಪ್ರಕರಣದ ಮೇರೆಗೆ ತನ್ನ ಒಡೆತನದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು ಅಪರಾಧ. ಇನ್ನೊಂದಕ್ಕೆ ಆಹಾರವಾಗಲಿರುವ ಇಲಿಗೆ ಈ ರಕ್ಷಣೆ ಇಲ್ಲವೆಂದು ಅಧಿನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ. ಜೀವಂತ ಇಲಿಯನ್ನು ಹಾವಿನ ಪಂಜರಕ್ಕೆ ಬಿಟ್ಟು ಹೋಗುವುದರಿಂದ ಹಾವಿಗೇ ಕಡಿತದ ಗಾಯವಾಗುವುದುಂಟು. ನೋವಿಲ್ಲದ ರೀತಿಯಲ್ಲಿ ಮೊದಲೇ ಕೊಂದು ಕೊಡುವುದು ಎರಡೂ ಪ್ರಾಣಿಗಳಿಗೆ ಉತ್ತಮ. ಪ್ರಾಸಂಗಿಕವಾಗಿ, ನಾಗರಹಾವು, ಹೆಬ್ಬಾವು, ಗೂಬೆ ಮೊದಲಾದ ನಮ್ಮ ದೇಶದ ವನ್ಯಜೀವಿಗಳನ್ನು ಖಾಸಗಿಯಾಗಿ ಸಾಕುವುದನ್ನು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972 ನಿಷೇಧಿಸಿದೆ ಎಂಬುದನ್ನು ಸಾರ್ವಜನಿಕರು ನೆನಪಿಡಬೇಕು. ಗಾಯಗೊಂಡ ಹಾವೋ ಗೂಬೆಯೋ ಕಂಡಲ್ಲಿ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ಕ್ರಮ. ವಿಶಾಖಪಟ್ಟಣದಲ್ಲಿ ಕಂಬಾಲಕೊಂಡ ಅರಣ್ಯಕ್ಕೆ ಹೊಂದಿಕೊಂಡು, 1977ರಿಂದ ಸಾರ್ವಜನಿಕರಿಗೆ ತೆರೆದಿರುವ ಇಂದಿರಾ ಗಾಂಧಿ ಪ್ರಾಣಿ ಸಂಗ್ರಹಾಲಯವಿದ್ದು, ಇಂತಹ ಪ್ರಾಣಿಗಳನ್ನು ನೋಡಬಯಸುವವರು ಅಲ್ಲಿಗೆ ಹೋಗಬಹುದು.

ಕರಾವಳಿಯ ತೇವ

ಸಮುದ್ರತೀರದ ಊರುಗಳಲ್ಲಿ, ಮಂಗಳೂರಾಗಲಿ ಕಾಸರಗೋಡಾಗಲಿ ವಿಶಾಖಪಟ್ಟಣವಾಗಲಿ, ಮೇವಿನ ದೊಡ್ಡ ಶತ್ರು ಇಲಿಯಲ್ಲ, ಗಾಳಿಯ ತೇವಾಂಶ. ತೇವ ಹೀರಿದ ಗುಳಿಗೆ ಮೆತ್ತಗಾಗಿ ಉದುರುವುದಲ್ಲದೆ ಬೂಷ್ಟು ಹಿಡಿಯುತ್ತದೆ. ಕಡಲೆಕಾಯಿ ಹಿಂಡಿ, ಮೆಕ್ಕೆಜೋಳಗಳ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತುದಕ್ಕೆ ಕಾರಣ ಇಂತಹ ಹಿಂಡಿಯೇ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಕೆಲವು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನರು ಯಕೃತ್ತಿನ ಕಾಯಿಲೆಯಿಂದ ಮೃತಪಟ್ಟರು. ಆದ್ದರಿಂದ ಇಲಿಯು ಮೇವನ್ನು ಮೂಸಿ ಬಿಟ್ಟರೆ ಅದರ ಮೂಗನ್ನು ನಂಬುವುದು ಲೇಸು.

ತಯಾರಾದ ದಿನದಿಂದ ಆರು ತಿಂಗಳು ಮೇವು ಬಾಳುತ್ತದೆಂಬ ಸಾಮಾನ್ಯ ನಿಯಮವು ತಂಪಾದ, ಒಣ ಉಗ್ರಾಣಕ್ಕೆ ಅನ್ವಯಿಸುತ್ತದೆಯೇ ಹೊರತು ಕರಾವಳಿಯ ವರಾಂಡಕ್ಕಲ್ಲ. ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲಿಟ್ಟು, ಬಿಚ್ಚಿದ ಚೀಲದ ಮೇವನ್ನು ಬಿಗಿ ಮುಚ್ಚಳದ ಡಬ್ಬಿಗೆ ಸುರಿದು, ಹಳೆಯದು ಮುಗಿಯದೆ ಹೊಸದನ್ನು ತೆರೆಯದಿರುವುದು ರೂಢಿಯಾಗಬೇಕು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣವನ್ನು ಅಪ್ಪಳಿಸಿ, ನಗರದಲ್ಲಿ ಹಲವು ದಿನ ವಿದ್ಯುತ್ತೂ ನೀರೂ ಇಲ್ಲದಂತಾದಾಗ, ಹಿರಿಯರ ಮನೆಯಲ್ಲಿ ಒಣಗಿ ಉಳಿದ ತಿನಿಸೆಂದರೆ ತಗಡಿನ ಡಬ್ಬಿಯಲ್ಲಿದ್ದ ಇಲಿಯ ಮೇವೇ ಆಗಿತ್ತಂತೆ. ಅದನ್ನು ಹೇಳುವಾಗ ಅವರು ನಕ್ಕರು.

ಬೇಸಿಗೆಯ ಸೆಕೆಯಲ್ಲಿ ಇಲಿಗಳು ಸಹಜವಾಗಿಯೇ ಕಡಿಮೆ ತಿನ್ನುತ್ತವೆ. ಆಗ ಗೂಡೆಗೆ ಹಾಕುವ ಪ್ರಮಾಣವನ್ನು ಉಳಿಕೆ ನೋಡಿ ತಗ್ಗಿಸಬಹುದು. ನೀರನ್ನು ಎಂದಿಗೂ ತಗ್ಗಿಸಬಾರದು.

ಚೆಲ್ಲಿದ ಪುಡಿಯನ್ನು ಏನು ಮಾಡಬೇಕು

ಮೂತ್ರ ತಾಗಿದ ಪುಡಿಯನ್ನು ಮತ್ತೆ ಉಣಿಸಕೂಡದು. ಚರಂಡಿಗೂ ಸುರಿಯಕೂಡದು. ಪಂಜರದಿಂದ ಹೊರಬಿದ್ದ ಮೇವು ರಾತ್ರಿ ಹೆಗ್ಗಣಗಳನ್ನು ಕರೆಯುತ್ತದೆ. ಅವುಗಳ ಮೂತ್ರದಿಂದ ಹರಡುವ ಇಲಿ ಜ್ವರವು ಮಳೆಗಾಲದಲ್ಲಿ ಬರಿಗಾಲಿನಲ್ಲಿ ನಡೆಯುವವರಿಗೆ ಅಂಟುತ್ತದೆ. ಪುಡಿ ಮತ್ತು ಹಾಸನ್ನು ಮುಚ್ಚಿದ ಚೀಲದಲ್ಲಿ ವಿಲೇವಾರಿ ಮಾಡುವುದು ಅಥವಾ ಮನೆಯಿಂದ ದೂರದ ಗುಂಡಿಯಲ್ಲಿ ಹೂಳುವುದು ಸೂಕ್ತ. ಒಣ ಪುಡಿಯನ್ನು ಗುಡಿಸಿದರೆ ಎದ್ದ ಧೂಳಿನಲ್ಲಿ ಇಲಿಮೂತ್ರದ ಅಂಶಗಳಿದ್ದು, ದಿನವೂ ಅದನ್ನು ಉಸಿರಾಡುವವರಿಗೆ ಸೀನು, ಉಬ್ಬಸದ ತೊಂದರೆ ಬರುವುದುಂಟು. ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸುವುದು ಸುರಕ್ಷಿತ. ಕೈಗಳನ್ನು ಸಾಬೂನಿನಿಂದ ತೊಳೆಯುವುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಗೂಡೆಯೊಳಗೇ ಉಳಿದ, ಕೆಳಗೆ ಬೀಳದ ಶುಚಿಯಾದ ಚೂರುಗಳ ಮಾತು ಬೇರೆ. ಎಂವಿಪಿ ಕಾಲೋನಿಯ ಆ ಮನೆಯಲ್ಲಿ ಹಿರಿಯರು ಅವನ್ನು ಜರಡಿ ಹಿಡಿದು, ಬಿಸಿನೀರಿನಲ್ಲಿ ಕಲಸಿ, ಗೋಲಿಯಷ್ಟು ಉಂಡೆಗಳನ್ನಾಗಿ ಮಾಡಿ ಅಂದೇ ಸಂಜೆ ಇಲಿಗಳಿಗೆ ಕೊಡುತ್ತಿದ್ದರು. ಅಷ್ಟರಲ್ಲಿ ಮೊಮ್ಮಗನು ಬಾಟಲಿಯ ಕೊಳವೆಯನ್ನು ತೊಳೆದು ತಂದಿದ್ದನು. ಅದನ್ನು ಸಿಕ್ಕಿಸಿದೊಡನೆ ನಾಲ್ಕು ಇಲಿಗಳೂ ಒಂದರ ಮೇಲೊಂದು ಏರಿ ನೀರಿಗೆ ಬಾಯಿ ಹಚ್ಚಿದವು.